ಕ್ಯಾರೀಟ್ ಇರಲಿ, ಕಿಂಗ್‌ಫಿಶ್ ಸದ್ಯಕ್ಕೆ ಬೇಡ

ಪ್ರಶ್ನೆ: ಮಗಳು, ಅಳಿಯ ಕೆಲಸದ ಮೇಲೆ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ಗೆ ಹೋಗಿ ಏಳು ತಿಂಗಳಾಯ್ತು. ಮಗಳಿಗೆ ಈಗ ಐದು ತಿಂಗಳು. ಮೀನಿಲ್ಲದೆ ಅವಳಿಗೆ ಊಟ ಸೇರುವುದಿಲ್ಲ. ಸುತ್ತಲೂ ಸಮುದ್ರ ಇದ್ದರೂ ಸೂಪರ್‌ಮಾರ್ಕೆಟ್‌ನಲ್ಲಿ ಐಸ್ ಕಟ್ಟಿದ ಮೀನೇ ಸಿಗುತ್ತದೆ, ಅದಕ್ಕೂ ಸಿಕ್ಕಾಪಟ್ಟೆ ರೇಟು ಅನ್ನುತ್ತಾಳೆ. ತಾಜಾ ಮೀನು ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತದೆ? ನಮ್ಮ ಇಸ್ವಾಣದಂಥದ್ದೇ ಕಿಂಗ್‌ಫಿಶ್ ಅಲ್ಲಿದೆಯಂತೆ, ತಿನ್ನಬಹುದಾ?
— ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕಂದ್ರೆ ಅದು ತಡ ಮಾಡುವ ಮಾತಲ್ಲ. ಕಿಂಗ್‌ಫಿಶ್ ಬೇಡ. ಹೆರಿಗೆಯಾಗಿ ಮಗು ಎದೆಹಾಲು ಬಿಡುವವರೆಗೂ ಬೇಡ. ಅದು ನಮ್ಮ ಇಸ್ವಾಣದ ಕುಲದ್ದೇ ಮೀನು, ರುಚಿಯೂ ಹಾಗೇ ಇರುತ್ತದೆ. ಆದರೆ ದೊಡ್ಡದಾಗಿ ಬೆಳೆಯುತ್ತದೆ, ಬಹಳ ವರ್ಷ ಬದುಕುತ್ತದೆ, ಬೇರೆ ಮೀನನ್ನೇ ತಿಂದು ಬದುಕುತ್ತದೆ. ಸಣ್ಣ ಮೀನುಗಳ ಮೈಯಲ್ಲಿರುವ ಪಾದರಸವೆಲ್ಲ ಅದರ ಮಾಂಸದಲ್ಲಿ ಸೇರುತ್ತಾ ಹೋಗುತ್ತದೆ. ಎಷ್ಟು ತೊಳೆದರೂ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯುವ ಹೊತ್ತಿಗೆ ಇದು ಒಳ್ಳೆಯದಲ್ಲ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗರ್ಭಿಣಿಯರು ತಿನ್ನಲೇಬಾರದು ಎಂದು ಪಟ್ಟಿ ಮಾಡಿರುವ ಮೀನುಗಳಲ್ಲಿ ಇದೂ ಇದೆ, ಶಾರ್ಕ್ ಕೂಡ ಇದೆ. ಟ್ರಿನಿಡಾಡ್‌ನಲ್ಲಿ ಮರಾಕಾಸ್ ಬೀಚಿಗೆ ಹೋದವರೆಲ್ಲ ಎಣ್ಣೆಯಲ್ಲಿ ಕರಿದ ರೊಟ್ಟಿಯೊಳಗೆ ಶಾರ್ಕ್ ಇಟ್ಟುಕೊಂಡು ತಿನ್ನುತ್ತಾರೆ, ಹೆಸರೇ ಬೇಕ್ ಅಂಡ್ ಶಾರ್ಕ್. ಮಗಳನ್ನು ಯಾರಾದರೂ ಕರೆದುಕೊಂಡು ಹೋದರೆ ಸೀಗಡಿ ತುಂಬಿದ್ದು ಇದೆಯಾ ಅಂತ ಕೇಳಲಿ.

ಹಾಗಂತ ಮೀನನ್ನೇ ಬಿಡಿಸಬೇಡಿ. ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ ಎರಡು ಮೂರು ಸಲ, ಒಟ್ಟು 225ರಿಂದ 340 ಗ್ರಾಂ ತಿನ್ನಿ ಅಂತ ಅದೇ ಎಫ್‌ಡಿಎ ಹೇಳುತ್ತದೆ. ಮಗುವಿಗೂ ಅದು ಬೇಕು.

ಹಾಗಾದ್ರೆ ಏನು ತಗೊಳ್ಳಬೇಕು? ಕ್ಯಾರೀಟ್ ಕೇಳಲಿ. ಅದೂ ಇಸ್ವಾಣದ ಕುಲವೇ, ಆದರೆ ಸಣ್ಣದು, ಅಗ್ಗ, ಅಲ್ಲಿಯ ಮನೆಮನೆಯ ಮೀನು. ವಾರಕ್ಕೊಮ್ಮೆ ಸಾಕು, ಉಳಿದ ದಿನ ಸೀಗಡಿ, ಸಣ್ಣ ಜ್ಯಾಕ್ಸ್, ಹೆರಿಂಗ್, ತಿಲಾಪಿಯಾ ಇರಲಿ. ಕ್ಯಾರೀಟ್ ಮತ್ತು ಕಿಂಗ್‌ಫಿಶ್ ಬೇರೆ ಮಾಡುವುದು ಕಷ್ಟ ಅಲ್ಲ. ಕ್ಯಾರೀಟ್‌ನ ಪಕ್ಕೆಯ ಮೇಲೆ ಹಳದಿ ಕಂಚಿನ ಬಣ್ಣದ ಚುಕ್ಕೆಗಳ ಸಾಲು ಇರುತ್ತದೆ, ಬೆನ್ನಿನ ಮುಂದಿನ ರೆಕ್ಕೆಯ ಮುಂಭಾಗ ಕಪ್ಪಗಿರುತ್ತದೆ. ಬಲಿತ ಕಿಂಗ್‌ಫಿಶ್‌ಗೆ ಚುಕ್ಕೆ ಇರಲ್ಲ, ಪಕ್ಕೆಯ ಉದ್ದಕ್ಕೆ ಹೋಗುವ ಗೆರೆ ಎರಡನೇ ರೆಕ್ಕೆಯ ಕೆಳಗೆ ದಿಢೀರ್ ಅಂತ ಕೆಳಗೆ ಬಾಗುತ್ತದೆ. ಅದಕ್ಕೇ ತುಂಡು ಮಾಡಿಟ್ಟದ್ದನ್ನು ತಗೊಳ್ಳಬಾರದು, ಇಡೀ ಮೀನು ನೋಡಿ, ತೂಗಿಸಿ, ಕಣ್ಣ ಮುಂದೆ ಕತ್ತರಿಸಿಕೊಳ್ಳಬೇಕು. ಇನ್ನೊಂದು ಮಾತು, ಅಲ್ಲಿ ಸಾಲ್ಮನ್ ಅಂತ ಮಾರುವುದು ನಾವು ಟಿವಿಯಲ್ಲಿ ನೋಡುವ ಗುಲಾಬಿ ಬಣ್ಣದ್ದಲ್ಲ, ಅಲ್ಲಿಯದೇ ಒಂದು ಬಿಳಿ ಮಾಂಸದ ಮೀನು. ಹೆಸರು ಕೇಳಿ ದುಬಾರಿ ಅಂದುಕೊಳ್ಳುವುದು ಬೇಡ.

ಜಾಗ ಹೇಳುತ್ತೇನೆ. ಪೋರ್ಟ್ ಆಫ್ ಸ್ಪೇನ್‌ನಲ್ಲೇ ಬೀಥಮ್ ಹೈವೇ ಪಕ್ಕ ಸೆಂಟ್ರಲ್ ಮಾರ್ಕೆಟ್ ಇದೆ, ಬೆಳಗ್ಗೆ ಬೇಗ ಹೋಗಬೇಕು. ಊರಿನ ಪಶ್ಚಿಮಕ್ಕೆ ಕ್ಯಾರೆನೇಜ್, ಕೊಕೊರೀಟ್ ಕಡೆ ದೋಣಿಗಳು ಬಂದು ನಿಲ್ಲುತ್ತವೆ. ಸೀಗಡಿ ಬೇಕಾದರೆ ವಾರಾಂತ್ಯದಲ್ಲಿ ಅಳಿಯ ಕಾರಿನಲ್ಲಿ ದಕ್ಷಿಣಕ್ಕೆ ಆರೆಂಜ್ ವ್ಯಾಲಿಗೆ ಹೋಗಿಬರಲಿ. ರೇಟು ಪೌಂಡಿನ ಲೆಕ್ಕ, ಒಂದು ಪೌಂಡ್ ಅಂದ್ರೆ 454 ಗ್ರಾಂ. ಈಸ್ಟರ್‌ಗೆ ಮುಂಚೆ ಕ್ರೈಸ್ತರು ಮಾಂಸ ಬಿಡುವ ದಿನಗಳಲ್ಲಿ ಮೀನಿನ ರೇಟು ಏರುತ್ತದೆ, ಆಗ ಜ್ಯಾಕ್ಸ್‌ನಂಥ ಸಣ್ಣ ಮೀನೇ ವಾಸಿ.

ಮೀನು ನೋಡುವ ಬಗೆ ನಿಮಗೆ ಗೊತ್ತೇ ಇದೆ, ಗಣೇಶಪೇಟೆ ಮೀನು ಮಾರ್ಕೆಟ್‌ನಲ್ಲಿ ಮಾಡುವುದೇ ಅಲ್ಲಿಯೂ. ಕಿವಿ ಎತ್ತಿ ನೋಡಿದರೆ ಒಳಗೆ ಕೆಂಪಗೆ ಒದ್ದೆಯಾಗಿರಬೇಕು, ಕಂದು ತಿರುಗಿ ಅಂಟಂಟು ಆಗಿದ್ದರೆ ಬಿಡಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಹೊಟ್ಟೆಯ ಮೇಲೆ ಬೆರಳು ಒತ್ತಿ ತೆಗೆದರೆ ಗುಳಿ ಉಳಿಯಬಾರದು. ಇಷ್ಟರ ಜೊತೆಗೆ ಅಲ್ಲಿ ಐಸ್ ಮುಖ್ಯ. ನಾನು ಆ ಊರಿಗೆ ಹೋದ ಮೊದಲ ವಾರ ರಸ್ತೆ ಬದಿಯ ಗಾಡಿಯಲ್ಲಿ ಟ್ರೇ ಮೇಲಿಟ್ಟ ತುಂಡು ತಂದೆ. ವಾಸನೆ ಇರಲಿಲ್ಲ, ಸಾರೂ ಚೆನ್ನಾಗಿತ್ತು. ಊಟ ಮುಗಿದು ಅರ್ಧ ಗಂಟೆಗೆ ಮುಖ, ಕುತ್ತಿಗೆ ಕೆಂಪಾಗಿ ಉರಿಯಿತು, ತಲೆ ಸಿಡಿಯಿತು. ಟ್ಯೂನಾ, ಕಿಂಗ್‌ಫಿಶ್, ನಮ್ಮ ಬಂಗಡೆಯಂಥ ಮೀನು ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಅನ್ನುವ, ಅಲರ್ಜಿಯಂಥ ಉರಿ ತರುವ ವಸ್ತು ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಕುದಿಸಿದರೂ ಹೋಗಲ್ಲ, ಫ್ರೀಜರ್‌ನಲ್ಲಿಟ್ಟರೂ ಹೋಗಲ್ಲ. ಅವತ್ತಿನಿಂದ ಐಸ್ ಇಲ್ಲದ ಗಾಡಿಯ ಹತ್ತಿರ ನಾನು ನಿಲ್ಲುತ್ತಿರಲಿಲ್ಲ.

ಟೊಬೆಗೊ ಅಥವಾ ಬೇರೆ ದ್ವೀಪಕ್ಕೆ ತಿರುಗಾಡಲು ಹೋದರೆ ದೊಡ್ಡ ಬ್ಯಾರಕುಡಾ, ದೊಡ್ಡ ಗ್ರೂಪರ್ ಬೇಡ. ಹವಳದ ದಿಬ್ಬದ ಪಾಚಿಯಿಂದ ಬರುವ ಸಿಗ್ವಟೆರಾ ಎಂಬ ವಿಷ ಅಂಥ ಮೀನಿನಲ್ಲಿ ಸೇರಿರಬಹುದು, ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಆಗುತ್ತದೆ, ತುಟಿ ಜುಮ್ ಅನ್ನುತ್ತದೆ, ತಣ್ಣಗಿರುವುದನ್ನು ಮುಟ್ಟಿದರೆ ಸುಟ್ಟ ಹಾಗಾಗುತ್ತದೆ. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಸ್ತೆಯಲ್ಲಿ ಖಾರದ ರಸದೊಳಗೆ ಹಸಿ ಆಯ್ಸ್ಟರ್ ಅನ್ನುವ ಚಿಪ್ಪುಮೀನು ಮಾರುತ್ತಾರೆ, ಬಸುರಿಗೆ ಅದೂ ಬೇಡ.

ಅಡುಗೆಗೆ ಅವಳು ಕಷ್ಟಪಡಬೇಕಿಲ್ಲ. 1845ರಿಂದ ಬಿಹಾರ, ಉತ್ತರ ಪ್ರದೇಶದ ಕಡೆಯವರು ಕಬ್ಬಿನ ತೋಟದ ಕೂಲಿಗೆ ಹೋಗಿ ಅಲ್ಲೇ ನೆಲೆಸಿದ್ದಾರೆ. ಅರಿಶಿನ, ಜೀರಿಗೆ, ಹುಣಸೆ, ತೆಂಗು ಎಲ್ಲ ಸಿಗುತ್ತದೆ. ಕೊತ್ತಂಬರಿ ಬದಲು ಬಂದನಿಯಾ ಅನ್ನುವ ಉದ್ದ ಎಲೆಯ ಸೊಪ್ಪು ಹಾಕುತ್ತಾರೆ, ಹೆಸರಿನ ಅರ್ಥವೇ ಕಾಡು ಕೊತ್ತಂಬರಿ, ಮೀನಿಗೆ ಬಹಳ ಹೊಂದುತ್ತದೆ. ಮೆಣಸಿನಕಾಯಿ ಮಾತ್ರ ಹುಷಾರು, ಅಲ್ಲಿಯದು ನಮ್ಮ ಬ್ಯಾಡಗಿ ತರಹ ಬಣ್ಣಕ್ಕೆ ಹಾಕುವುದಲ್ಲ. ಒಂದರ ಅರ್ಧ ಸಾಕು.

ಅಲ್ಲಿ ಬೆಳಗ್ಗೆ ಆರು ಗಂಟೆ ಆದಾಗ ನಮಗೆ ಮಧ್ಯಾಹ್ನ ಮೂರೂವರೆ. ಮಾರ್ಕೆಟ್‌ನಲ್ಲಿ ನಿಂತು ವಿಡಿಯೊ ಕಾಲ್ ಮಾಡಲಿ, ಮೀನಿನ ಕಿವಿ ಎತ್ತಿ ತೋರಿಸಲಿ, ತಗೋ ಬಿಡು ಅಂತ ನೀವೇ ಇಲ್ಲಿಂದ ಹೇಳಿ.

ಪ್ರಶ್ನೆ: ಜೂನ್ ಬಂದರೆ ನಮ್ಮಲ್ಲಿ ಬಂಗಡೆ ರೇಟು ಏರುತ್ತದೆ, ಮೀನೂ ಮೆತ್ತಗಿರುತ್ತದೆ. ಏನು ಮಾಡೋದು?
— ಓದುಗರು, ಗದಗ

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಬರುವುದರಲ್ಲಿ ಫ್ರೀಜರ್‌ನಲ್ಲಿ ಕೂತ ಮೀನೇ ಜಾಸ್ತಿ. ಆ ಎರಡು ತಿಂಗಳು ಸಿಹಿನೀರಿನ ಕಟ್ಲಾ, ರೋಹು ತಗೊಳ್ಳಿ. ಒಂದೂವರೆ ಕೆಜಿ ಒಳಗಿನದನ್ನೇ ಕೇಳಿ, ಬೇಗ ಬೇಯುತ್ತದೆ. ಕತ್ತರಿಸುವಾಗ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಸಿ, ಮಣ್ಣಿನ ವಾಸನೆ ಕಡಿಮೆಯಾಗುತ್ತದೆ.