ಓದುಗರ ಪ್ರಶ್ನೆಗೆ ಉತ್ತರ: ಜಾಝ್ ಸ್ಕ್ವೇರ್ ಕಲಿಯುವ ಬಗೆ

ಪ್ರಶ್ನೆ: ಕಾಲೇಜಿನ ವಾರ್ಷಿಕೋತ್ಸವದ ಸಮೂಹ ನೃತ್ಯಕ್ಕಾಗಿ ‘ಜಾಝ್ ಸ್ಕ್ವೇರ್’ ಎಂಬ ಹೆಜ್ಜೆಯನ್ನು ಮೊಬೈಲ್ ನೋಡಿ ಕಲಿಯುತ್ತಿದ್ದೇನೆ. ಮೊದಲ ಸುತ್ತು ಸರಿಯಾಗಿ ಬರುತ್ತದೆ, ಎರಡನೆಯ ಸುತ್ತಿನಲ್ಲಿ ಕಾಲುಗಳು ತೊಡರಿಕೊಳ್ಳುತ್ತವೆ. ಏಕೆ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಎರಡನೆಯ ಸುತ್ತು ತಪ್ಪುತ್ತಿದ್ದರೆ ದೋಷವಿರುವುದು ಮೊದಲ ಸುತ್ತಿನ ಕೊನೆಯ ಹೆಜ್ಜೆಯಲ್ಲಿ. ನಾಲ್ಕು ಎಣಿಕೆಗೆ ಪಾದಗಳು ಚೌಕಾಕಾರದಲ್ಲಿ ಸಾಗುವ ಈ ಹೆಜ್ಜೆಯ ಕ್ರಮ ಸರಳವಾಗಿದೆ: ಒಂದಕ್ಕೆ ಬಲಗಾಲನ್ನು ಎಡಗಾಲಿನ ಮುಂದಿನಿಂದ ಹಾಯಿಸಿ ಅಡ್ಡಲಾಗಿ ಇಡಬೇಕು, ಎರಡಕ್ಕೆ ಎಡಗಾಲು ಹಿಂದಕ್ಕೆ, ಮೂರಕ್ಕೆ ಬಲಗಾಲು ಬಲಪಕ್ಕಕ್ಕೆ, ನಾಲ್ಕಕ್ಕೆ ಎಡಗಾಲು ಮುಂದಕ್ಕೆ. ಈ ನಾಲ್ಕು ಎಣಿಕೆಗಳಲ್ಲಿ ಪ್ರತಿ ಸಲವೂ ಮೈಭಾರವೆಲ್ಲ ಹೊಸದಾಗಿ ಇಟ್ಟ ಕಾಲಿಗೆ ಬರಬೇಕು. ಹೊಸಬರಲ್ಲಿ ಹೆಚ್ಚಿನವರು ನಾಲ್ಕನೆಯ ಹೆಜ್ಜೆ ಇಟ್ಟೊಡನೆ ಸುತ್ತು ಮುಗಿಯಿತೆಂದು ಎರಡೂ ಕಾಲಿನ ಮೇಲೆ ಭಾರ ಹಂಚಿಕೊಂಡು ನಿಂತುಬಿಡುತ್ತಾರೆ. ಆಗ ಬಲಗಾಲು ಬಿಡುವಾಗಿರುವುದಿಲ್ಲವಾದ್ದರಿಂದ ಮುಂದಿನ ‘ಒಂದು’ ಬಂದಾಗ ಯಾವ ಕಾಲು ಎತ್ತಬೇಕೆಂದು ತಡಕಾಡುವಂತಾಗುತ್ತದೆ. ಪರೀಕ್ಷಿಸಿಕೊಳ್ಳಲು ಸಂಗೀತವಿಲ್ಲದೆ ಒಂದೊಂದೇ ಹೆಜ್ಜೆ ಇಟ್ಟು ನಿಲ್ಲಿ, ಇನ್ನೊಂದು ಕಾಲನ್ನು ನೆಲದಿಂದ ತುಸು ಎತ್ತಿ ನೋಡಿ. ಮೈ ತೂಗದೆ ಕಾಲು ಮೇಲೆದ್ದರೆ ಭಾರ ಸರಿಯಾಗಿ ಬದಲಾಗಿದೆ.

ಮೊಣಕಾಲುಗಳು ಕೊಂಚ ಬಾಗಿಯೇ ಇರಲಿ, ಹೆಜ್ಜೆಗಳು ಚಿಕ್ಕವಿರಲಿ. ಅಡ್ಡಹೆಜ್ಜೆ ಅತಿಯಾದರೆ ಸೊಂಟವೂ ಅದರೊಂದಿಗೆ ತಿರುಗಿಬಿಡುತ್ತದೆ. ಸೊಂಟ ಮತ್ತು ಎದೆ ಪ್ರೇಕ್ಷಕರ ಕಡೆಗೇ ನೆಟ್ಟಿರಬೇಕು. ಹಿಂದಕ್ಕೆ ಇಡುವಾಗ ಅಂಗಾಲಿನ ಮುಂಭಾಗ ಮೊದಲು ನೆಲ ಮುಟ್ಟಲಿ, ಹಿಮ್ಮಡಿ ಆಮೇಲೆ ಇಳಿಯಲಿ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದುಕೊಂಡು ಕಲಿಯುವ ಪದ್ಧತಿಯೊಂದಿದೆ. ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಗೆರೆ ನೋಡುತ್ತ ನೋಡುತ್ತ ತಲೆ ಬಗ್ಗಿ ಬೆನ್ನು ಗೂನಾಗುತ್ತದೆ. ಮೊಬೈಲಿನಲ್ಲಿ ಶಿಕ್ಷಕರು ನಿಮ್ಮ ಕಡೆ ಮುಖಮಾಡಿ ನಿಂತಿದ್ದರೆ ಅವರ ಬಲಗಾಲು ನಿಮ್ಮ ಎಡಕ್ಕೆ ಕಾಣುತ್ತದೆ ಎಂಬುದೂ ಗೊಂದಲಕ್ಕೆ ಕಾರಣವಾಗಿರಬಹುದು. ಬೆನ್ನು ಕಾಣುವಂತೆ ಚಿತ್ರಿಸಿದ ಪಾಠವನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಬಡಗುತಿಟ್ಟಿನ ಯಕ್ಷಗಾನ ಹೆಜ್ಜೆಗಳನ್ನು ಅಭ್ಯಾಸ ಮಾಡಿದ್ದೇನೆ. ಜಾಝ್ ಕಲಿಯಲು ಅದು ನೆರವಾಗುತ್ತದೆಯೇ, ತೊಡಕಾಗುತ್ತದೆಯೇ?
– ಓದುಗರು, ಹೊನ್ನಾವರ

ಉತ್ತರ: ಎರಡೂ ಹೌದು. ಚಂಡೆ ಮದ್ದಳೆಯ ಬಿಡ್ತಿಗೆಗೆ, ಅಂದರೆ ಅವುಗಳ ಲಯದ ನುಡಿತಕ್ಕೆ, ಕುಣಿದವರಿಗೆ ನಾಲ್ಕರ ಎಣಿಕೆ ಕಷ್ಟವೇ ಅಲ್ಲ. ತೊಡಕಿರುವುದು ಒತ್ತು ಬೀಳುವ ಜಾಗದಲ್ಲಿ. ತಾಳದ ಮೊದಲ ಪೆಟ್ಟಿಗೆ ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಅಪ್ಪಳಿಸಿ ಗೆಜ್ಜೆ ನುಡಿಸುವುದು ನಿಮಗೆ ರೂಢಿಯಾಗಿದ್ದರೆ, ಜಾಝ್ ಸಂಗೀತ ಸಾಮಾನ್ಯವಾಗಿ ಎರಡು ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು ಕೊಡುತ್ತದೆ, ಪಾದವೂ ಸದ್ದಿಲ್ಲದೆ ನೆಲಕ್ಕೆ ಇಳಿಯಬೇಕಾಗುತ್ತದೆ. ಕೆಲವು ದಿನ ಹೆಜ್ಜೆ ಇಡದೆ ಎರಡು, ನಾಲ್ಕಕ್ಕೆ ಚಪ್ಪಾಳೆ ಮಾತ್ರ ತಟ್ಟಿ ಸಂಗೀತ ಕೇಳಿ. ಹೆಜ್ಜೆಯನ್ನು ಆಮೇಲೆ ಸೇರಿಸಿಕೊಳ್ಳಿ.

ನಮ್ಮ ನೃತ್ಯ ಬಲ್ಲವರು ಜಾಝಿಗೆ ಹೊರಗಿನವರೆಂದು ಅಳುಕಬೇಕಾಗಿಲ್ಲ. ಜಾಝ್ ನೃತ್ಯ ಹುಟ್ಟಿದ್ದು ಅಮೆರಿಕದ ಕಪ್ಪುಜನರ ಕುಣಿತಗಳಿಂದ. ಅದನ್ನು ರಂಗಭೂಮಿಗೂ ಚಲನಚಿತ್ರಕ್ಕೂ ತಕ್ಕ ಶಿಸ್ತಾಗಿ ರೂಪಿಸಿದವರಲ್ಲಿ ಮುಖ್ಯರಾದ ಜ್ಯಾಕ್ ಕೋಲ್ (1911–1974) ಭರತನಾಟ್ಯ ಅಭ್ಯಾಸ ಮಾಡಿ, ಅದರ ಕತ್ತು, ಕಣ್ಣು, ಭುಜಗಳ ಬಿಡಿಬಿಡಿ ಚಲನೆಗಳನ್ನು ಸ್ವಿಂಗ್ ಎಂಬ ಬಗೆಯ ಜಾಝ್ ಸಂಗೀತಕ್ಕೆ ಹೊಂದಿಸಿದವರು. ಉಳಿದ ಮೈಯನ್ನು ಅಲುಗಿಸದೆ ಒಂದು ಅಂಗವನ್ನಷ್ಟೇ ಚಲಿಸುವುದಕ್ಕೆ ಜಾಝ್ ತರಗತಿಗಳಲ್ಲಿ ‘ಐಸೊಲೇಶನ್’ ಎನ್ನುತ್ತಾರೆ. ಜಾಝ್ ಸ್ಕ್ವೇರ್ ಕಾಲಿಗೆ ಹತ್ತಿದ ಮೇಲೆ ನಾಲ್ಕು ಹೆಜ್ಜೆಗೂ ಭುಜವನ್ನು ಹೀಗೆ ಬೇರೆಯಾಗಿ ಆಡಿಸಿ ನೋಡಿ. ಅಲ್ಲಿ ನಿಮ್ಮ ಹಳೆಯ ಅಭ್ಯಾಸ ಕೈಹಿಡಿಯುತ್ತದೆ.

ಪ್ರಶ್ನೆ: ನನಗೆ ಐವತ್ತು ದಾಟಿದೆ. ಕಡಲತೀರದ ಮರಳಿನ ಮೇಲೆ ಅಭ್ಯಾಸ ಮಾಡಿದರೆ ಮಂಡಿಗೆ ಒಳ್ಳೆಯದಲ್ಲವೇ?
– ಗೃಹಿಣಿ, ಕಾರವಾರ

ಉತ್ತರ: ಒಣಮರಳು ಮೆತ್ತಗಿದೆಯೆಂದು ನಂಬಬೇಡಿ. ಅಡ್ಡಹೆಜ್ಜೆಯಲ್ಲಿ ಪಾದ ಹೂತುಕೊಂಡು ಮೈ ಮುಂದೆ ಸರಿದರೆ ಹೊರಳುವುದು ಕಣಕಾಲು. ಅಲೆ ಬಂದು ಹೋಗುವ ಗಟ್ಟಿಮರಳು ಹೂತುಕೊಳ್ಳದಿದ್ದರೂ ನೀರಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ಮನೆಯ ಒಣ ನೆಲದ ಮೇಲೆ ಬರಿಗಾಲಿನಲ್ಲಿ ಮಾಡುವುದೇ ಲೇಸು. ಮಳೆಗಾಲದಲ್ಲಿ ಟೈಲ್ಸ್ ಬೆವರುತ್ತದಾದ್ದರಿಂದ ಮೊದಲು ಒರೆಸಿಕೊಳ್ಳಿ, ಕಾಲುಚೀಲ ಹಾಕಿಕೊಂಡಂತೂ ಕುಣಿಯಬೇಡಿ. ಈ ಹೆಜ್ಜೆಯಲ್ಲಿ ಜಿಗಿತವಿಲ್ಲ, ವಯಸ್ಸು ಅಡ್ಡಿಯಲ್ಲ. ಮಂಡಿನೋವು ಮೊದಲೇ ಇದ್ದರೆ ವೈದ್ಯರನ್ನು ಕೇಳಿ ಆರಂಭಿಸಿ, ಮತ್ತು ಕಾಲನ್ನು ಪೂರ್ತಿ ಅಡ್ಡ ಹಾಯಿಸದೆ ಇನ್ನೊಂದು ಪಾದದ ಎದುರಿಗೆ ಇಟ್ಟರೂ ಸಾಕು.