ಕ್ರಾಸ್ನೊಯಾರ್ಸ್ಕ್‌ನಲ್ಲಿ ಕೆಲಸ: ಸಹಿ ಹಾಕುವ ಮುನ್ನ

ರಷ್ಯಾದ ಸೈಬೀರಿಯಾದಲ್ಲಿರುವ ಕ್ರಾಸ್ನೊಯಾರ್ಸ್ಕ್‌ನಿಂದ ಎಲೆಕ್ಟ್ರಿಕಲ್ ಇಂಜಿನಿಯರ್ ಕೆಲಸಕ್ಕೆ ಆಫರ್ ಬಂದಿದೆ, ಈ ಊರು ಯಾವುದರ ಮೇಲೆ ನಡೆಯುತ್ತದೆ, ಬರಬಹುದೇ ಎಂದು ಕೇಳಿದ್ದೀರಿ. ಬರಬಹುದು. ಆದರೆ ಮೊದಲು ಊರೊಳಗೆ ಹರಿಯುವ ಯೆನಿಸೇ ನದಿಯ ಕಥೆ ತಿಳಿದಿರಲಿ. ಇಲ್ಲಿ ಸಂಬಳ, ಕೆಮ್ಮು ಎರಡಕ್ಕೂ ಅದೇ ಮೂಲ.

ನದಿ ಊರಿಗೆ ಬರುವ ಮುನ್ನ, ದಿವ್ನೊಗೊರ್ಸ್ಕ್ ಬಳಿ ಅದಕ್ಕೆ ಕಟ್ಟಿದ ಅಣೆಕಟ್ಟಿನಲ್ಲಿ ತಲಾ 500 ಮೆಗಾವಾಟ್‌ನ 12 ವಿದ್ಯುತ್ ಯಂತ್ರಗಳಿವೆ. ಒಟ್ಟು 6,000, ನಮ್ಮ ಶರಾವತಿ ವಿದ್ಯುದಾಗಾರದ್ದು 1,035. ಅಷ್ಟು ಕರೆಂಟನ್ನು ನುಂಗಲೆಂದೇ ಇರುವುದು 1964ರಲ್ಲಿ ಶುರುವಾದ ಅಲ್ಯೂಮಿನಿಯಂ ಕಾರ್ಖಾನೆ, ಊರವರ ಬಾಯಲ್ಲಿ ‘ಕ್ರಾಜ್’. ವರ್ಷಕ್ಕೆ ಸುಮಾರು 10 ಲಕ್ಷ ಟನ್ ಲೋಹ. ಒಂದು ಟನ್ನಿಗೆ ಹೆಚ್ಚೂಕಡಿಮೆ ಎರಡು ಟನ್ ಅಲ್ಯೂಮಿನಾ (ಅದಿರಿನಿಂದ ತೆಗೆದ ಬಿಳಿ ಪುಡಿ), 14–15 ಸಾವಿರ ಯೂನಿಟ್ ಕರೆಂಟು ಬೇಕು. ಕರೆಂಟು ಹಾಯಿಸಿ ಲೋಹ ಬೇರ್ಪಡಿಸುವ ತೊಟ್ಟಿಯೊಳಗಿನ ದ್ರವ 950 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಕೆಲವು ತಾಸು ಕರೆಂಟು ಹೋದರೆ ಅಲ್ಲೇ ಗಟ್ಟಿಯಾಗುತ್ತದೆ, ಆಮೇಲೆ ಒಡೆದೇ ತೆಗೆಯಬೇಕು. ಹಾಗಾಗಿ ಹಬ್ಬ, ಭಾನುವಾರ ಎಂಬುದಿಲ್ಲ. ಎಲೆಕ್ಟ್ರಿಕಲ್‌ನವರಿಗಂತೂ ರಾತ್ರಿ ಪಾಳಿ ಇದೆಯೇ ಎಂದು ಮೊದಲೇ ಕೇಳಿ.

ಇಷ್ಟು ಕರೆಂಟಿರುವ ಊರಿನಲ್ಲಿ ಮನೆ ಬೆಚ್ಚಗಾಗುವುದು ಮಾತ್ರ ಕಲ್ಲಿದ್ದಲಿನಿಂದ! ಕಾನ್ಸ್ಕ್-ಆಚಿನ್ಸ್ಕ್ ಗಣಿಗಳ ಕಂದು ಕಲ್ಲಿದ್ದಲು ಅಗ್ಗ, ಹತ್ತಿರ. ಅಣೆಕಟ್ಟು ಆಳದ, ಕೊಂಚ ಬೆಚ್ಚಗಿನ ನೀರನ್ನು ಬಿಡುವುದರಿಂದ ಮೈನಸ್ 30ರಲ್ಲೂ ಊರೊಳಗೆ ನದಿ ಹೆಪ್ಪುಗಟ್ಟದೆ ಮಂಜು ಏಳುತ್ತದೆ. ಸುತ್ತ ಗುಡ್ಡ, ಗಾಳಿ ನಿಂತಿತೆಂದರೆ ಹೊಗೆ ಅಲ್ಲೇ ಕೂರುತ್ತದೆ. ಇಂಥ ದಿನಗಳಿಗೆ ಸರ್ಕಾರವೇ ಎಚ್ಚರಿಕೆ ಹೊರಡಿಸುತ್ತದೆ, ಜನ ‘ಕಪ್ಪು ಆಕಾಶ’ ಅನ್ನುತ್ತಾರೆ. ಕಾರ್ಖಾನೆ ಈಶಾನ್ಯಕ್ಕಿದೆ. ಮಕ್ಕಳಿದ್ದರೆ ಪಶ್ಚಿಮದ ಎತ್ತರದಲ್ಲಿ, ಅಕಾಡೆಮ್‌ಗೊರೊಡೊಕ್ ಅಥವಾ ವೆತ್ಲುಜಾಂಕಾ ಕಡೆ ಮನೆ ನೋಡಿ.

ಉಳಿದ ಉದ್ಯಮಗಳಲ್ಲಿ ಬಲದಂಡೆಯ ಹಲವು ಯಂತ್ರ ಕಾರ್ಖಾನೆಗಳ ಬೇರು 1941ರದು. ಯುದ್ಧಕಾಲದಲ್ಲಿ ಪಶ್ಚಿಮದಿಂದ ರೈಲಿನಲ್ಲಿ ಸಾಗಿಸಿ ತಂದವು. ‘ಬಿರ್ಯುಸಾ’ ಫ್ರಿಜ್ ಇಲ್ಲಿನದೇ. ಕ್ರಾಸ್ತ್ಸ್ವೆತ್ಮೆತ್ ಎಂಬ ಕಾರ್ಖಾನೆಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ಚಿನ್ನ ಶುದ್ಧೀಕರಿಸುತ್ತಾರೆ. ಉತ್ತರದ ತೈಲ ಬಾವಿಗಳ ಕೆಲಸ ‘ವಾಖ್ತಾ’ ಲೆಕ್ಕದ್ದು, ಅಂದರೆ ವಾರಗಟ್ಟಲೆ ಅಲ್ಲೇ ಇದ್ದು ದುಡಿದು ಬರುವುದು. ಕ್ಷಿಪಣಿ ಕಾರ್ಖಾನೆಗೋ, ಉಪಗ್ರಹ ತಯಾರಿಸುವ ಝೆಲೆಜ್ನೊಗೊರ್ಸ್ಕ್‌ಗೋ ಅರ್ಜಿ ಹಾಕಿ ಸಮಯ ಕಳೆಯಬೇಡಿ. ಎರಡನೆಯದು ಮುಚ್ಚಿದ ಊರು, ಅನುಮತಿಯಿಲ್ಲದೆ ಒಳಗೇ ಬಿಡುವುದಿಲ್ಲ.

ಈಗ ಆಫರ್ ಪತ್ರ. ‘ಓಕ್ಲಾದ್’ ಎಂದರೆ ಮೂಲ ವೇತನ. ಅದರ ಮೇಲೆ ಸೈಬೀರಿಯಾದ ಪ್ರಾದೇಶಿಕ ಭತ್ಯೆ ಸೇರುತ್ತದೆ. ‘ನಾ ರೂಕಿ’ ಎಂದಿದ್ದರೆ ತೆರಿಗೆ ಕಳೆದು ಕೈಗೆ ಬರುವ ಹಣ. ಪತ್ರದ ಅಂಕಿ ಇವುಗಳಲ್ಲಿ ಯಾವುದು ಎಂದು ಬರಹದಲ್ಲೇ ಕೇಳಿ. ವೀಸಾ ‘ಉನ್ನತ ಅರ್ಹತೆಯ ತಜ್ಞ’ ವರ್ಗದ್ದಾದರೆ ಮೊದಲ ದಿನದಿಂದಲೇ ತೆರಿಗೆ 13%ರಿಂದ ಶುರು, ಆದರೆ ಮೂರು ತಿಂಗಳಿಗೆ ಕನಿಷ್ಠ 7.5 ಲಕ್ಷ ರೂಬಲ್ ಸಂಬಳ ಇರಬೇಕು. ಸಾಮಾನ್ಯ ವರ್ಕ್ ಪರ್ಮಿಟ್ ಆದರೆ 183 ದಿನ ತುಂಬುವವರೆಗೆ 30% ಕಡಿತ. ಮೊದಲ ತಿಂಗಳುಗಳ ಖರ್ಚನ್ನು ಇದರ ಮೇಲೆ ಲೆಕ್ಕ ಹಾಕಿ. ಭಾರತದ ಬ್ಯಾಂಕಿನ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಸ್ಥಳೀಯ ‘ಮೀರ್’ ಕಾರ್ಡ್ ಕೈಗೆ ಬರುವವರೆಗೆ ಸಾಕಾಗುವಷ್ಟು ನಗದು ತನ್ನಿ.