ಫ್ಯಾನ್ ಬೆಲ್ಟ್ ಪದೇ ಪದೇ ಹರಿಯುತ್ತಿದ್ದರೆ ಮೊದಲು ಪುಲ್ಲಿ ನೋಡಿ

ಅಣ್ಣಾ, ನೀವು ಕೇಳಿದ್ದು ಇಷ್ಟು. ಊರು ಚಿತ್ತಾಪುರ ಕಡೆ. ತೊಗರಿ ರಾಶಿ ಮುಗಿದ ಮೇಲೆ ಟ್ರ್ಯಾಕ್ಟರ್‌ನಲ್ಲಿ ಫರ್ಸಿ ಕಲ್ಲು ಸಾಗಿಸುತ್ತೀರಿ. ಹೊಸ ಫ್ಯಾನ್ ಬೆಲ್ಟ್ ಹಾಕಿದ ಸ್ವಲ್ಪ ದಿನಕ್ಕೇ ಕಿರ್ರೆನ್ನುತ್ತದೆ, ಬ್ಯಾಟರಿ ದೀಪ ಹತ್ತುತ್ತದೆ, ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ, ಕೊನೆಗೆ ಬೆಲ್ಟ್ ಹರಿಯುತ್ತದೆ. ಈಗ ಮೂರನೇ ಬೆಲ್ಟ್ ತರಬೇಕಾ ಅಂತ ಕೇಳಿದ್ದೀರಿ. ಒಬ್ಬರು ಇನ್ನೂ ಬಿಗಿ ಮಾಡಿ ಎಂದಿದ್ದಾರೆ, ಇನ್ನೊಬ್ಬರು ಸಾಬೂನು ತಿಕ್ಕಿ ಎಂದಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಜಾಸ್ತಿ ಬಿಗಿ ಮಾಡಿದರೆ ಈ ಬೆಲ್ಟ್ ತಿರುಗಿಸುವ ವಾಟರ್ ಪಂಪ್ ಮತ್ತು ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಬೇರಿಂಗ್ ಹೋಗುತ್ತವೆ. ಸಾಬೂನು, ಮೇಣ ಹಚ್ಚಿದರೆ ಒಂದಷ್ಟು ಹೊತ್ತು ಸದ್ದು ನಿಲ್ಲುತ್ತದೆ, ಆಮೇಲೆ ಅದಕ್ಕೇ ಧೂಳು ಮೆತ್ತಿಕೊಳ್ಳುತ್ತದೆ.

ಒಂದೇ ಗಾಡಿಯಲ್ಲಿ ಒಂದರ ಹಿಂದೆ ಒಂದು ಬೆಲ್ಟ್ ಹೋಗುತ್ತಿದ್ದರೆ ಸಾಮಾನ್ಯವಾಗಿ ಅದು ಬೆಲ್ಟ್‌ನ ತಪ್ಪಲ್ಲ. ಅದು ಓಡುವ ದಾರಿಯಲ್ಲಿ ಏನೋ ಕೆಟ್ಟಿದೆ. ಅದನ್ನು ಮನೆಯಲ್ಲೇ ಕಂಡುಹಿಡಿಯಬಹುದು. ಪಾನಾ ಸೆಟ್, ಒಂದು ಉಕ್ಕಿನ ಸ್ಕೇಲ್, ಟಾರ್ಚ್ ಇದ್ದರೆ ಸಾಕು.

ಕೈ ಹಾಕುವ ಮುಂಚೆ ಎಂಜಿನ್ ಪೂರ್ತಿ ತಣ್ಣಗಾಗಲಿ. ಚಾವಿ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಯಾಕೆಂದರೆ ಡೈನಮೋದ ದಪ್ಪ ವೈರ್‌ನಲ್ಲಿ ಚಾವಿ ತೆಗೆದರೂ ಕರೆಂಟ್ ಇರುತ್ತದೆ. ಪಾನಾ ತಾಗಿದರೆ ಕಿಡಿ ಹಾರುತ್ತದೆ. ಹೆಗಲ ಮೇಲಿನ ಟವೆಲ್ ತೆಗೆದಿಡಿ. ಎಂಜಿನ್ ಓಡುತ್ತಿರುವಾಗ ಫ್ಯಾನ್ ಹತ್ತಿರ ಕೈ, ಬಟ್ಟೆ ಯಾವುದೂ ಹೋಗಬಾರದು. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಈಗ ಸದ್ದಿನ ವಿಷಯ. ಸ್ಟಾರ್ಟ್ ಮಾಡಿದ ಕೂಡಲೇ ಅಥವಾ ಹೆಡ್‌ಲೈಟ್ ಹಾಕಿದಾಗ ಕಿರ್ರೆಂದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಡೈನಮೋದ ಪುಲ್ಲಿ, ಅಂದರೆ ಬೆಲ್ಟ್ ಸುತ್ತುವ ಚಕ್ರ, ಚಿಕ್ಕದು, ಬೆಲ್ಟ್ ಅದಕ್ಕೆ ಸುತ್ತಿಕೊಳ್ಳುವ ಜಾಗ ಕಡಿಮೆ. ಹಾಗಾಗಿ ಲೋಡ್ ಬಿದ್ದಾಗ ಮೊದಲು ಜಾರುವುದು ಅಲ್ಲೇ. ಲೋಡ್ ಇಲ್ಲದಿದ್ದರೂ ಚಿಕ್ ಚಿಕ್ ಅಂತ ಒಂದೇ ತಾಳದಲ್ಲಿ ಸದ್ದು ಬರುತ್ತಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಗರ್ ಅಂತ ಒರಟು ಸದ್ದು ಬಂದರೆ ಬೇರಿಂಗ್. ನಿಮ್ಮದು ಮೊದಲನೇ ಬಗೆ ಅನ್ನಿಸುತ್ತದೆ.

ಬೆಲ್ಟ್ ಬಿಚ್ಚಿದ ಮೇಲೆ ಪುಲ್ಲಿಯ ಗ್ರೂವ್ ಒಳಗೆ, ಅಂದರೆ ಬೆಲ್ಟ್ ಕೂರುವ ಸಂದಿಗೆ, ಟಾರ್ಚ್ ಬಿಡಿ. ನಿಧಾನವಾಗಿ ನೋಡಿ, ಅವಸರ ಬೇಡ. ವಿ ಆಕಾರದ ಬೆಲ್ಟ್ ಹಿಡಿಯುವುದು ಎರಡು ಪಕ್ಕದಿಂದ. ತಳಕ್ಕೆ ಅದು ತಾಗಲೇಬಾರದು. ಗ್ರೂವ್‌ನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಇಳಿದು ಓಡಿದೆ. ಆಗ ನೀವು ಎಷ್ಟು ಬಿಗಿ ಮಾಡಿದರೂ ಜಾರುತ್ತದೆ, ಜಾರಿ ಬಿಸಿಯಾಗುತ್ತದೆ, ಬಿಸಿಯಾಗಿ ಗಟ್ಟಿಯಾಗಿ ಹರಿಯುತ್ತದೆ. ಗ್ರೂವ್‌ನ ಪಕ್ಕದ ಗೋಡೆ ನೇರವಾಗಿರಬೇಕು. ಬೆರಳು ಆಡಿಸಿದಾಗ ಗುಳಿ ಅಥವಾ ಮೆಟ್ಟಿಲು ಸಿಕ್ಕರೆ ಆ ಪುಲ್ಲಿ ಸವೆದಿದೆ. ಬೆಲ್ಟ್ ಹಾಕಿದಾಗ ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮ ಇರಬೇಕು, ಇಲ್ಲವೇ ಸ್ವಲ್ಪ ಮೇಲೆ. ಒಳಗೆ ಮುಳುಗಿದ್ದರೆ ಪುಲ್ಲಿ ಸವೆದಿದೆ ಅಥವಾ ಬೆಲ್ಟ್‌ನ ಅಗಲ ಕಡಿಮೆ.

ನನ್ನ ಅನುಮಾನ ಇಲ್ಲೇ ಇದೆ. ಶಹಾಬಾದ್, ಚಿತ್ತಾಪುರ ಕಡೆ ಕಲ್ಲು ಪಾಲಿಶ್ ಮಾಡುವ ಯೂನಿಟ್‌ಗಳ ಹತ್ತಿರ ಗಾಡಿ ನಿಂತರೆ ಸಾಕು, ಬಿಳಿ ಪುಡಿ ಎಲ್ಲ ಕಡೆ ಕೂರುತ್ತದೆ. ಅದು ಬೆಲ್ಟ್ ಮತ್ತು ಪುಲ್ಲಿ ನಡುವೆ ಸಿಕ್ಕಿ ಎರಡನ್ನೂ ತಿನ್ನುತ್ತದೆ. ಹೊಲದ ಎರೆ ಮಣ್ಣಿನ ಧೂಳಿಗಿಂತ ಇದು ಜಾಸ್ತಿ ಸವೆಸುತ್ತದೆ ಅನ್ನುವುದು ನಾನು ಕಂಡದ್ದು. ಪುಲ್ಲಿ ಸವೆದಿದ್ದರೆ ಅದನ್ನೇ ಬದಲಿಸಿ. ಲೇತ್‌ನಲ್ಲಿ ತಿರುಗಿಸಿ ಸರಿಮಾಡಿಸೋಣ ಅನ್ನಬೇಡಿ. ಗ್ರೂವ್ ಅಗಲವಾಗಿ ಬೆಲ್ಟ್ ಇನ್ನೂ ಒಳಗೆ ಇಳಿಯುತ್ತದೆ.

ಬೆಲ್ಟ್ ಬಿಚ್ಚಿರುವಾಗಲೇ ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ ಇರಬಾರದು. ಕೈಯಿಂದ ತಿರುಗಿಸಿ, ನುಣ್ಣಗೆ ತಿರುಗಬೇಕು. ಡೈನಮೋಗೂ ಹೀಗೇ ಮಾಡಿ. ವಾಟರ್ ಪಂಪ್‌ನ ಶಾಫ್ಟ್ ಕೆಳಗೆ ಒಂದು ಚಿಕ್ಕ ತೂತು ಇರುತ್ತದೆ. ಅಲ್ಲಿ ಕೂಲೆಂಟ್ ಒಸರಿದ ಕಲೆ ಕಂಡರೆ ಪಂಪ್‌ನ ಸೀಲ್ ಹೋಗಿದೆ, ಹಿಂದೆಯೇ ಬೇರಿಂಗ್ ಕೂಡ ಹೋಗುತ್ತದೆ. ಕೆಲವರು ಆ ತೂತಿಗೆ ಎಂ-ಸೀಲ್ ಮೆತ್ತುತ್ತಾರೆ. ಬೇಡವೇ ಬೇಡ. ತೂತು ಇರುವುದೇ ಸೀಲ್ ಹೋದದ್ದು ನಿಮಗೆ ತಿಳಿಯಲಿ, ನೀರು ಬೇರಿಂಗ್‌ಗೆ ಹೋಗದಿರಲಿ ಅಂತ.

ಸಾಲು ನೋಡಲು ಸ್ಕೇಲನ್ನು ಎರಡು ಪುಲ್ಲಿಗಳ ಮುಖಕ್ಕೆ ಹಿಡಿಯಿರಿ. ಅಂಚಿನ ದಪ್ಪ ಬೇರೆ ಬೇರೆ ಇದ್ದರೆ ಗ್ರೂವ್‌ನ ನಡುವಿನ ಲೆಕ್ಕದಲ್ಲಿ ನೋಡಬೇಕು. ಡೈನಮೋ ಯಾವಾಗಲಾದರೂ ರಿಪೇರಿಗೆ ಬಿಚ್ಚಿಸಿದ್ದೀರಾ? ಹಾಗಿದ್ದರೆ ಬ್ರಾಕೆಟ್ ಹತ್ತಿರ ಒಂದು ವಾಷರ್ ಬಿಟ್ಟುಹೋಗಿರಬಹುದು. ಬೆಲ್ಟ್‌ನ ಒಂದೇ ಪಕ್ಕ ಸವೆದು ಕಪ್ಪು ಪುಡಿ ಉದುರುತ್ತಿದ್ದರೆ ಅದೇ ಗುರುತು.

ಬೆಲ್ಟ್ ತರುವಾಗ ಅಳತೆ ಸರಿ ಇರಲಿ. ಎಪಿಎಂಸಿಗೆ ತೊಗರಿ ತರುವಾಗ ಹಳೇ ಬೆಲ್ಟ್ ಜೊತೆಗೇ ತನ್ನಿ. ಅದರ ಬೆನ್ನ ಮೇಲಿನ ನಂಬರ್ ಓದಿ, ಇಲ್ಲದಿದ್ದರೆ ಟ್ರ್ಯಾಕ್ಟರ್ ಮಾಡೆಲ್ ಹೇಳಿ ಕೇಳಿ. ರಾಶಿ ಮಷಿನ್‌ನ ಬೆಲ್ಟ್ ಉದ್ದ ಹೊಂದುತ್ತದೆ ಅಂತ ಹಾಕಬೇಡಿ. ಅಂಥ ಮಷಿನ್‌ಗಳ ಬೆಲ್ಟ್‌ನಲ್ಲಿ ಎ ಸೆಕ್ಷನ್ ಅನ್ನುವ ಅಳತೆಯದು ಮೇಲ್ಗಡೆ 13 ಮಿ.ಮೀ. ಅಗಲ, ಬಿ ಸೆಕ್ಷನ್ 17 ಮಿ.ಮೀ. ಎಂಜಿನ್ ಬೆಲ್ಟ್‌ನ ಅಳತೆಯೇ ಬೇರೆ. ಉದ್ದ ಒಂದೇ ಆದರೂ ಗ್ರೂವ್‌ನಲ್ಲಿ ಕೂರುವ ಮಟ್ಟ ತಪ್ಪುತ್ತದೆ.

ಹಾಕುವುದು ಸುಲಭ. ಡೈನಮೋದ ಉದ್ದ ತೂತಿನ ಪಟ್ಟಿಯ ಬೋಲ್ಟ್ ಮತ್ತು ಕೆಳಗಿನ ಬೋಲ್ಟ್ ಎರಡನ್ನೂ ಸಡಿಲ ಮಾಡಿ, ಡೈನಮೋವನ್ನು ಎಂಜಿನ್ ಕಡೆ ಒತ್ತಿ. ಬೆಲ್ಟನ್ನು ಫ್ಯಾನ್‌ನ ಒಂದೊಂದೇ ರೆಕ್ಕೆ ದಾಟಿಸಿ ಒಳಗೆ ಇಳಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿ ಹತ್ತಿಸಬೇಡಿ, ಒಳಗಿನ ದಾರ ಕಡಿದು ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಕಟ್ಟಿಗೆ ತುಂಡಿನಿಂದ ಡೈನಮೋವನ್ನು ಹೊರಗೆ ಮೀಟಿ, ಪುಲ್ಲಿ ಕಡೆಯ ಗಟ್ಟಿ ಮೈಗೇ ಆನಿಸಿ. ಎರಡು ಪುಲ್ಲಿಗಳ ನಡುವಿನ ಉದ್ದ ಜಾಗದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10ರಿಂದ 12 ಮಿ.ಮೀ. ಬಗ್ಗಬೇಕು. ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಕಾಲು ಗಂಟೆ ಓಡಿಸಿ, ಆರಿಸಿ, ತಣ್ಣಗಾದ ಮೇಲೆ ಮತ್ತೆ ನೋಡಿ. ಹೊಸ ಬೆಲ್ಟ್ ಮೊದಮೊದಲು ಸ್ವಲ್ಪ ಸಡಿಲ ಆಗೇ ಆಗುತ್ತದೆ. ಒಂದು ದಿನದ ಕೆಲಸ ಆದ ಮೇಲೆ ಇನ್ನೊಮ್ಮೆ ಬಿಗಿ ನೋಡದೇ ಇರುವುದರಿಂದಲೇ ಎಷ್ಟೋ ಒಳ್ಳೆ ಬೆಲ್ಟ್ ಹಾಳಾಗುತ್ತವೆ.

ಬಿಸಿ ಮುಳ್ಳಿನ ವಿಷಯಕ್ಕೆ ರೇಡಿಯೇಟರ್ ಕೂಡ ನೋಡಿ. ತೊಗರಿ ಹೊಟ್ಟು ಜಾಲರಿಗೆ ತುಂಬಿರುತ್ತದೆ. ಗಾಳಿ ಹೊಡೆಯುವಾಗ ಎಂಜಿನ್ ಕಡೆಯಿಂದ ಹೊರಗೆ ಹೊಡೆಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಬೆಲ್ಟ್ ಜಾರುವುದೂ ಜಾಲರಿ ಮುಚ್ಚಿರುವುದೂ ಸೇರಿದರೆ ಹೆಡ್ ಗ್ಯಾಸ್ಕೆಟ್ ಉಳಿಯುವುದಿಲ್ಲ. ದಾರಿಯಲ್ಲಿ ಬೆಲ್ಟ್ ಹರಿದರೆ ಅಲ್ಲೇ ಆರಿಸಿ. ಊರು ಹತ್ತಿರ ಇದೆ ಅಂತ ಓಡಿಸಬೇಡಿ, ವಾಟರ್ ಪಂಪ್ ನಿಂತಿರುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಪಿಕಪ್ ಗಾಡಿಯ ಬೆಲ್ಟ್ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ಅದರಲ್ಲಿ ಚಪ್ಪಟೆ ಗೆರೆಗಳ ಬೆಲ್ಟ್ ಇದ್ದರೆ ಬಿಚ್ಚುವ ಮುಂಚೆ ದಾರಿಯ ಫೋಟೋ ತೆಗೆದುಕೊಳ್ಳಿ. 6ಪಿಕೆ ಎಂದರೆ ಆರು ಗೆರೆ. ಈಗಿನ ಬೆಲ್ಟ್‌ಗಳಲ್ಲಿ ಬಿರುಕು ಬೀಳದೆಯೂ ಗೆರೆ ಸವೆದಿರುತ್ತದೆ, ಹಾಗಾಗಿ ಬಿರುಕಿಲ್ಲ ಅಂತ ಸುಮ್ನೆ ಬಿಡಬೇಡಿ. ಕವರ್ ಒಳಗಿನ ಟೈಮಿಂಗ್ ಬೆಲ್ಟ್ ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಹಲ್ಲು ತಪ್ಪಿದರೆ ವಾಲ್ವ್‌ಗೆ ಪಿಸ್ಟನ್ ಬಡಿಯಬಹುದು. ಅದು ಮಿಸ್ತ್ರಿ ಕೆಲಸ.

ಅಣ್ಣಾ, ಬೆಲ್ಟ್ ಬಿಚ್ಚಿ ಎಂಜಿನ್, ಫ್ಯಾನ್, ಡೈನಮೋ ಈ ಮೂರೂ ಪುಲ್ಲಿಗಳ ಗ್ರೂವ್‌ನ ಫೋಟೋ, ಹರಿದ ಬೆಲ್ಟ್‌ನ ಎರಡೂ ಪಕ್ಕದ ಫೋಟೋ ಇಲ್ಲೇ ಹಾಕಿ. ನೋಡಿ ಯಾವ ಪುಲ್ಲಿ ತರಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಹೊಸ ಬೆಲ್ಟ್‌ಗೆ ದುಡ್ಡು ಹಾಕಬೇಡಿ.